ಎಲ್ಲಿಂದ ಬಂದ್ರಿ ಅಂತ ಕೇಳಿದ್ರೆ ಸಾಕಾ?

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಂದು ರಿಜಿಸ್ಟರ್ ಇದೆ. ನಿಮ್ಮಲ್ಲೂ ಇರತ್ತೆ. ಬಂದವರು ಹೆಸರು, ಫೋನ್ ನಂಬರು, ಯಾವ ಫ್ಲಾಟು, ಬಂದ ಸಮಯ ಎಲ್ಲ ಬರೀಬೇಕು. ಕೊನೆಯ ಕಾಲಂ 'ಹೊರಟ ಸಮಯ'. ಒಂದು ದಿನ ಲಿಫ್ಟ್ ಕೆಟ್ಟು ಕಾಯ್ತಾ ನಿಂತಿದ್ದಾಗ ಸುಮ್ಮನೆ ಹಿಂದಿನ ಪುಟಗಳನ್ನ ತಿರುವಿ ನೋಡಿದೆ. ಆ ಕಾಲಂ ಹೆಚ್ಚುಕಮ್ಮಿ ಪೂರ್ತಿ ಖಾಲಿ. ಪುಸ್ತಕವನ್ನ ನಂಬೋದಾದ್ರೆ ಕಳೆದ ಮೂರು ತಿಂಗಳಲ್ಲಿ ಬಂದ ಡೆಲಿವರಿ ಹುಡುಗರು, ಎಸಿ ರಿಪೇರಿಯವರು, ನೆಂಟರಿಷ್ಟರು ಎಲ್ಲರೂ ಇನ್ನೂ ಒಳಗೇ ಇದ್ದಾರೆ.

ನಗು ಬಂತು. ಆದ್ರೆ ಜಾಸ್ತಿ ಹೊತ್ತು ನಗಕ್ಕಾಗಲಿಲ್ಲ. ಯಾಕಂದ್ರೆ ಇಂಥದ್ದೇ ಒಂದು ಗೇಟನ್ನ ನಾನು ಹಲವು ವರ್ಷ ಸಂಬಳ ತಗೊಂಡು ನಡೆಸಿದವನು. ಆ ಗೇಟಿನ ಕಾವಲುಗಾರನ ಹೆಸರು ಮೌಂಟ್‌ಡಿ. ಅವನ ಮಾತನ್ನ ಸಾಕ್ಷಿ ಅಂದ್ಕೊಂಡು ಒಬ್ಬ ಹುಡುಗನನ್ನ ಮನೆಗೆ ಕಳಿಸಿದ ಮೀಟಿಂಗಿನಲ್ಲಿ ನಾನೂ ಕೂತಿದ್ದೆ.

ಮೊದಲು ಈ ಕಾವಲುಗಾರ ಯಾರು ಅಂತ ಹೇಳ್ತೀನಿ. ಆಫೀಸಿನ ಲಿನಕ್ಸ್ ಮೆಷಿನ್ನಿನಲ್ಲಿ ಎಲ್ಲರಿಗೂ ಸೇರಿದ ಒಂದು ಶೇರ್ಡ್ ಫೋಲ್ಡರ್ ಇರತ್ತಲ್ಲ, ಅದರ ಹಿಂದೆ ಬಹಳ ಸಲ ಇರೋದು ಎನ್‌ಎಫ್‌ಎಸ್, ಅಂದ್ರೆ ನೆಟ್‌ವರ್ಕ್ ಫೈಲ್ ಸಿಸ್ಟಮ್. ಎಲ್ಲೋ ಇರೋ ಸರ್ವರಿನ ಡಿಸ್ಕನ್ನ ನಿಮ್ಮ ಮೆಷಿನ್ನಿನ ಫೋಲ್ಡರಿನ ಹಾಗೇ ತೋರಿಸೋ ವ್ಯವಸ್ಥೆ. 1980ರ ದಶಕದ ನಡುವಿನಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಇದನ್ನ ಹೊರತಂತು. ಹಾಗೆ ಜೋಡಿಸಿಕೊಳ್ಳೋದಕ್ಕೆ 'ಮೌಂಟ್ ಮಾಡೋದು' ಅಂತಾರೆ. ಮೌಂಟ್ ಮಾಡಬೇಕಾದ್ರೆ ಸರ್ವರಿನ ಒಪ್ಪಿಗೆ ಬೇಕು. ಆ ಒಪ್ಪಿಗೆ ಕೊಡಕ್ಕೆ ಅಂತಲೇ ಹಿನ್ನೆಲೆಯಲ್ಲಿ ಸದ್ದಿಲ್ಲದೆ ಕಾದು ಕೂತಿರೋ ಪ್ರೋಗ್ರಾಮು, ಯೂನಿಕ್ಸ್ ಭಾಷೆಯಲ್ಲಿ ಡೀಮನ್, ಈ ಮೌಂಟ್‌ಡಿ.

ಎನ್‌ಎಫ್‌ಎಸ್ ಮೂರನೇ ಆವೃತ್ತಿಯಲ್ಲಿ ಕೆಲಸ ಹೀಗೆ ನಡೆಯತ್ತೆ. ಇದರ ವಿವರ 1995ರ ಆರ್‌ಎಫ್‌ಸಿ 1813ರಲ್ಲಿದೆ. ಆದ್ರೂ ಇವತ್ತಿಗೂ ಎಷ್ಟೋ ಕಡೆ ಓಡ್ತಿರೋದು ಇದೇ. ನಿಮ್ಮ ಮೆಷಿನ್ನು ಮೊದಲು ಸರ್ವರಿನ 111ನೇ ಪೋರ್ಟಿಗೆ ಹೋಗಿ "100005ನೇ ನಂಬರಿನವರು ಎಲ್ಲಿ ಕೂತಿದ್ದಾರೆ?" ಅಂತ ಕೇಳತ್ತೆ. 100005 ಅನ್ನೋದು ಮೌಂಟ್ ಸೇವೆಯ ಕಾಯಂ ನಂಬರು. ರಿಸೆಪ್ಷನ್ನಿನಲ್ಲಿ ಕೂತಿರೋ ಪೋರ್ಟ್‌ಮ್ಯಾಪರು "ಇಂಥಾ ಪೋರ್ಟಿಗೆ ಹೋಗಿ" ಅನ್ನತ್ತೆ. ಅಲ್ಲಿ ಮೌಂಟ್‌ಡಿಗೆ "ನನಗೆ ಈ ಡೈರೆಕ್ಟರಿ ಬೇಕು" ಅಂತ ಅರ್ಜಿ.

ಮೌಂಟ್‌ಡಿ ಮೂರು ವಿಷಯ ನೋಡತ್ತೆ. ಈ ಡೈರೆಕ್ಟರಿ ಎಕ್ಸ್‌ಪೋರ್ಟ್ಸ್ ಅನ್ನೋ ಪಟ್ಟಿಯಲ್ಲಿ ಇದೆಯಾ? ಅರ್ಜಿ ಬಂದಿರೋ ಐಪಿ ವಿಳಾಸಕ್ಕೆ ಆ ಪಟ್ಟಿಯಲ್ಲಿ ಅನುಮತಿ ಇದೆಯಾ? ಅರ್ಜಿ 1024ಕ್ಕಿಂತ ಕಡಿಮೆ ನಂಬರಿನ ಪೋರ್ಟಿನಿಂದ ಹೊರಟಿದೆಯಾ? ಮೂರೂ ಸರಿ ಇದ್ರೆ ಒಂದು ಫೈಲ್ ಹ್ಯಾಂಡಲ್ ಕೊಡತ್ತೆ. ಹೆಚ್ಚು ಅಂದ್ರೆ 64 ಬೈಟುಗಳ ಒಂದು ಟೋಕನ್ ಅದು. ಅಲ್ಲಿಗೆ ಕಾವಲುಗಾರನ ಕೆಲಸ ಮುಗೀತು. ಆಮೇಲೆ ಓದೋದು, ಬರಿಯೋದು, ಅಳಿಸೋದು ಎಲ್ಲ ಆ ಟೋಕನ್ ತೋರಿಸಿ 2049ನೇ ಪೋರ್ಟಿನ ಜೊತೆ ನೇರ ವ್ಯವಹಾರ. ಇವತ್ತಿನ ಲಿನಕ್ಸಿನಲ್ಲಿ ಕರ್ನಲ್ಲು ಆಮೇಲೂ ವಿಳಾಸ ತಾಳೆ ನೋಡತ್ತೆ, ಗೊತ್ತಿಲ್ಲದಿದ್ರೆ ಮೌಂಟ್‌ಡಿಯನ್ನೇ ವಾಪಸ್ ಕೇಳತ್ತೆ. ಆದ್ರೆ ನೋಡೋದು ಮತ್ತೆ ವಿಳಾಸವನ್ನೇ.

ಇಷ್ಟರಲ್ಲಿ ಎಲ್ಲಾದ್ರೂ "ನೀನು ಯಾರು?" ಅನ್ನೋ ಪ್ರಶ್ನೆ ಬಂತಾ? ಬರಲಿಲ್ಲ. "ಎಲ್ಲಿಂದ ಬಂದೆ?" ಅಷ್ಟೇ. ಇಂಥ ಅರ್ಜಿಯನ್ನ ಒಪ್ಪಿಕೊಂಡಾಗ ಲಿನಕ್ಸಿನ ಮೌಂಟ್‌ಡಿ ಲಾಗಿನಲ್ಲಿ ಬರೆಯೋ ಪದ ಏನು ಗೊತ್ತಾ? 'ಅಥೆಂಟಿಕೇಟೆಡ್ ಮೌಂಟ್ ರಿಕ್ವೆಸ್ಟ್'! ಯಾರು ಅಂತ ಕೇಳದೇನೇ ಗುರುತು ಖಾತ್ರಿ ಆಯ್ತು ಅಂತ ಷರಾ.

ಹಾಗಾದ್ರೆ ಯಾರು ಅನ್ನೋದು ಎಲ್ಲಿ ಬರತ್ತೆ? ಆಮೇಲಿನ ಪ್ರತಿ ವಿನಂತಿಯ ಜೊತೆ ನಿಮ್ಮ ಮೆಷಿನ್ನೇ ಒಂದು ಸಂಖ್ಯೆ ಬರೆದು ಕಳಿಸತ್ತೆ, "ಇದು ಯುಐಡಿ 1000 ಅವರ ಕೆಲಸ" ಅಂತ. ಸರ್ವರ್ ಅದನ್ನ ನಂಬತ್ತೆ. ಪರೀಕ್ಷೆ ಇಲ್ಲ, ಪಾಸ್‌ವರ್ಡ್ ಇಲ್ಲ. ಈ ಪದ್ಧತಿಯ ಹೆಸರು ಆಥ್ ಸಿಸ್. ನೀವು ಬೇರೆ ಏನನ್ನೂ ಹೇಳದಿದ್ರೆ ಸಿಗೋದು ಇದೇ.

ಈಗ ಆ ಹುಡುಗನ ಕಥೆ.

ಕೆಲವು ವರ್ಷಗಳ ಹಿಂದೆ ಔಟರ್ ರಿಂಗ್ ರೋಡಿನ ಒಂದು ಕಂಪನಿಯಲ್ಲಿ ನಾನು ಸಿಸ್ಟಮ್ ಅಡ್ಮಿನ್ ಆಗಿದ್ದೆ. ಕಂಪನಿ ಹೆಸರು ಬೇಡ, ತಪ್ಪು ಅದರದ್ದಕ್ಕಿಂತ ಜಾಸ್ತಿ ನನ್ನದು. ನಮ್ಮ ಸ್ಟೋರೇಜ್ ಸರ್ವರನ್ನ ಹೊಸದಾಗಿ ಕಟ್ಟಿದಾಗ ಯೂಸರ್ ಅಕೌಂಟುಗಳನ್ನ ಒಂದು ಸ್ಕ್ರಿಪ್ಟಿನಿಂದ ಮಾಡಿದ್ವಿ. ಪಟ್ಟಿ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿತ್ತು. ಒಬ್ಬ ಕಾಂಟ್ರಾಕ್ಟ್ ಹುಡುಗನ ಹೆಸರು ಮೊದಲನೇ ಅಕ್ಷರದಿಂದ ಶುರುವಾಗ್ತಿತ್ತು. ಹಾಗಾಗಿ ಅವನಿಗೆ ಸಿಕ್ಕಿದ್ದು ಮೊದಲ ನಂಬರು, 1000. ಟೆಸ್ಟ್ ಡೇಟಾ ಫೋಲ್ಡರಿನ ಉಸ್ತುವಾರಿ ಅವನಿಗೇ ವಹಿಸಿದ್ರು, ಒಡೆತನವೂ ಅವನ ಹೆಸರಲ್ಲೇ ಇತ್ತು. ಎಲ್ಲರೂ ಬಿಲ್ಡ್ ಸರ್ವರುಗಳಿಂದ ಅದನ್ನ ಬಳಸ್ತಿದ್ರು. ಸ್ವಂತ ಲ್ಯಾಪ್‌ಟಾಪಿನಿಂದ ಮೌಂಟ್ ಮಾಡೋ ರೂಢಿ ಇರಲಿಲ್ಲ. ಆದ್ರೆ ಮಾಡಕ್ಕಾಗಲ್ಲ ಅಂತ ಏನೂ ಇರಲಿಲ್ಲ. ಯಾಕಂದ್ರೆ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಆಫೀಸಿನ ಇಡೀ ನೆಟ್‌ವರ್ಕಿಗೆ ಓದಕ್ಕೂ ಬರೆಯಕ್ಕೂ ಅನುಮತಿ ಕೊಟ್ಟಿತ್ತು. ಆ ಸಾಲು ಬರೆದವನು ನಾನು. "ಇಂಟರ್ನಲ್ ನೆಟ್‌ವರ್ಕ್ ತಾನೇ" ಅಂತ ಬರೆದಿದ್ದೆ.

ಒಂದು ಸೋಮವಾರ ಬೆಳಿಗ್ಗೆ ನೋಡಿದ್ರೆ ಆ ಫೋಲ್ಡರಿನಲ್ಲಿದ್ದ ತಿಂಗಳುಗಟ್ಟಲೆ ಕೆಲಸದ ಫಲಿತಾಂಶಗಳು ಮಾಯ. ಅವುಗಳ ಜಾಗದಲ್ಲಿ ಅರ್ಧಂಬರ್ಧ ಕಾಪಿಯಾದ ಕೆಲವು ಫೈಲುಗಳು. ಫೈಲುಗಳ ಪಟ್ಟಿ ತೆಗೆದು ನೋಡಿದ್ರೆ ಎಲ್ಲದರ ಮುಂದೂ ಆ ಹುಡುಗನ ಹೆಸರು. ಸಮಯ ಶನಿವಾರ ಸಂಜೆ.

ಮೀಟಿಂಗ್ ಹತ್ತು ನಿಮಿಷದ್ದು. "ನಾನು ಶುಕ್ರವಾರ ರಾತ್ರಿನೇ ಊರಿಗೆ ಹೋಗಿದ್ದೆ ಸರ್, ಲ್ಯಾಪ್‌ಟಾಪ್ ಆಫೀಸಲ್ಲೇ ಇತ್ತು" ಅಂದ. ಮ್ಯಾನೇಜರ್ ಸ್ಕ್ರೀನನ್ನ ಅವನ ಕಡೆ ತಿರುಗಿಸಿದ್ರು. "ನಾನಲ್ಲ ಹೇಳ್ತಿರೋದು, ಸಿಸ್ಟಮ್ಮೇ ಹೇಳ್ತಿದೆ." ಹುಡುಗ ನನ್ನ ಮುಖ ನೋಡಿದ. ಸಿಸ್ಟಮ್ಮಿನ ಬಗ್ಗೆ ಗೊತ್ತಿದ್ದವನು ಆ ರೂಮಿನಲ್ಲಿ ನಾನೊಬ್ಬನೇ. ನಾನು ಸುಮ್ಮನಿದ್ದೆ. ತಿಂಗಳ ಕೊನೆಗೆ ಅವನ ಕಾಂಟ್ರಾಕ್ಟ್ ಮುಂದುವರಿಸಲಿಲ್ಲ.

ಅವನು ಹೋದ ಮೇಲೆ ಯಾವುದೋ ಬೇರೆ ಕೆಲಸಕ್ಕೆ ನನ್ನದೇ ಉಬುಂಟು ಲ್ಯಾಪ್‌ಟಾಪಿನಿಂದ ಆ ಫೋಲ್ಡರನ್ನ ಮೌಂಟ್ ಮಾಡಿ ಒಂದು ಖಾಲಿ ಫೈಲ್ ಸೃಷ್ಟಿಸಿದೆ. ಆಮೇಲೆ ಸರ್ವರಿಗೆ ಹೋಗಿ ನೋಡಿದ್ರೆ ಫೈಲಿನ ಮಾಲೀಕ ಅವನು! ಒಂದು ಕ್ಷಣ ಕೈಕಾಲು ತಣ್ಣಗಾಯ್ತು. ಉಬುಂಟು ಹಾಕಿಕೊಂಡಾಗ ಮೊದಲು ಮಾಡೋ ಯೂಸರಿಗೆ ಅದು ಕೊಡೋ ನಂಬರು 1000. ನನ್ನದೂ 1000, ಪಕ್ಕದವನದೂ 1000, ನಮ್ಮ ಮಹಡಿಯ ಬಹುಪಾಲು ಲಿನಕ್ಸ್ ಲ್ಯಾಪ್‌ಟಾಪುಗಳದ್ದೂ 1000. ಯಾರು ಅಲ್ಲಿಂದ ಮೌಂಟ್ ಮಾಡಿ ಏನು ಮಾಡಿದ್ರೂ ಸರ್ವರಿನ ಕಣ್ಣಿಗೆ ಅದು ಆ ಹುಡುಗ ಮಾಡಿದ್ದು.

ಯಾರು ಬಂದಿದ್ರು ಅಂತ ಗೇಟಿನ ರಿಜಿಸ್ಟರ್ ನೋಡೋಣ ಅಂದ್ಕೊಂಡೆ. ಮೌಂಟ್‌ಡಿ ಆರ್‌ಎಂಟ್ಯಾಬ್ ಅಂತ ಒಂದು ಫೈಲ್ ಇಟ್ಟಿರತ್ತೆ. ಮೌಂಟ್ ಮಾಡಿದಾಗ ಒಂದು ಸಾಲು ಸೇರಿಸತ್ತೆ. ಬಿಟ್ಟು ಹೋಗ್ತೀನಿ ಅಂತ ಕ್ಲೈಂಟ್ ಹೇಳಿದ್ರೆ ತೆಗೆಯತ್ತೆ. ಹೇಳದೇ ಆಫ್ ಆದ್ರೆ ಆ ಸಾಲು ಅಲ್ಲೇ ಇರತ್ತೆ. ಎರಡು ವರ್ಷದ ಹಿಂದಿನ ವಿಳಾಸಗಳೆಲ್ಲ ಅದರಲ್ಲಿ ಇನ್ನೂ ಒಳಗೇ ಇದ್ವು. ಸಮಯದ ಕಾಲಂ ಅಂತೂ ಇಲ್ಲವೇ ಇಲ್ಲ. ನಮ್ಮ ಅಪಾರ್ಟ್‌ಮೆಂಟಿನ ಪುಸ್ತಕವೇ ವಾಸಿ. ಸಮಯ ಇರೋದು ಸಿಸ್‌ಲಾಗಿನಲ್ಲಿ. ಡಿಸ್ಕ್ ಉಳಿಸಕ್ಕೆ ಅಂತ ನಾನು ಅದನ್ನ ಒಂದೇ ವಾರ ಇಟ್ಟುಕೊಳ್ಳೋ ಹಾಗೆ ಮಾಡಿದ್ದೆ. ಅಷ್ಟು ಹೊತ್ತಿಗೆ ಅದು ಅಳಿಸಿಹೋಗಿತ್ತು.

ಮ್ಯಾನೇಜರಿಗೆ ಹೋಗಿ ಹೇಳಿದೆ. ಪೂರ್ತಿ ಕೇಳಿದ್ರು. ಆಮೇಲೆ, "ಈಗ್ಯಾಕೆ ಬಿಡಿ ಅದೆಲ್ಲ. ಅವನ ಕಾಂಟ್ರಾಕ್ಟೂ ಮುಗೀತಲ್ಲ" ಅಂದ್ರು.

ಅವನು ಮಾಡಿರಲೇ ಇಲ್ಲ ಅಂತ ನಾನು ಹೇಳ್ತಿಲ್ಲ. ನನಗೆ ಗೊತ್ತಿಲ್ಲ. ನಾನು ಹೇಳ್ತಿರೋದು, ಗೊತ್ತಾಗೋಕೆ ಸಾಧ್ಯವೇ ಇರಲಿಲ್ಲ ಅಂತ. ಆ ಸ್ಕ್ರೀನಿನ ಮೇಲಿದ್ದದ್ದು ಸಾಕ್ಷಿ ಆಗಿರಲಿಲ್ಲ. ಅಪರಿಚಿತ ಮೆಷಿನ್ನೊಂದು ತನ್ನ ಬಗ್ಗೆ ತಾನೇ ಹೇಳಿಕೊಂಡ ಒಂದು ನಂಬರು, ಅದನ್ನ ಸರ್ವರು ತನ್ನ ಪಟ್ಟಿ ನೋಡಿ ಒಂದು ಹೆಸರಾಗಿ ಅನುವಾದ ಮಾಡಿತ್ತು, ಅಷ್ಟೇ. ನಾವು ಆ ಅನುವಾದವನ್ನ ತೀರ್ಪು ಅಂದ್ಕೊಂಡ್ವಿ.

ಇದನ್ನ ಹೇಳಿದಾಗೆಲ್ಲ ಗೆಳೆಯರು ಒಂದೇ ಮಾತು ಹೇಳ್ತಾರೆ: "ಹಳೇ ಕಾಲದ ಪ್ರೋಟೋಕಾಲ್ ಗುರೂ, ಆಗಿನವರಿಗೆ ಸೆಕ್ಯೂರಿಟಿ ಎಲ್ಲಿ ಗೊತ್ತಿತ್ತು?" ಇದು ಸುಳ್ಳು. ಹಿರಿಯರ ಮೇಲೆ ಗೂಬೆ ಕೂರಿಸೋದು.

ಆಗಿನವರ ಲೆಕ್ಕ ಆಗಿನ ಲೋಕಕ್ಕೆ ಸರಿಯಾಗೇ ಇತ್ತು. 1024ಕ್ಕಿಂತ ಕೆಳಗಿನ ಪೋರ್ಟಿನ ಪರೀಕ್ಷೆಯನ್ನೇ ತಗೊಳ್ಳಿ. ಯೂನಿಕ್ಸಿನಲ್ಲಿ ಆ ಪೋರ್ಟುಗಳನ್ನ ಬಳಸಕ್ಕೆ ರೂಟ್ ಅಧಿಕಾರ ಬೇಕು. ಒಂದು ಡಿಪಾರ್ಟ್‌ಮೆಂಟಿಗೆ ಕೆಲವೇ ಮೆಷಿನ್ನು, ಅವುಗಳ ರೂಟ್ ಪಾಸ್‌ವರ್ಡ್ ಅಡ್ಮಿನ್ ಹತ್ತಿರ ಮಾತ್ರ ಇದ್ದ ಕಾಲದಲ್ಲಿ ಆ ಪರೀಕ್ಷೆಗೆ ಅರ್ಥ ಇತ್ತು. ಇವತ್ತು? ನಿಮ್ಮ ಲ್ಯಾಪ್‌ಟಾಪಿನಲ್ಲಿ ಸುಡೋ ಯಾರ ಹತ್ತಿರ ಇದೆ? ನಿಮ್ಮ ಹತ್ತಿರವೇ. ಪ್ರತಿಯೊಬ್ಬನೂ ತನ್ನ ಮೆಷಿನ್ನಿಗೆ ರಾಜ. ರಾಜಮುದ್ರೆ ಎಲ್ಲರ ಜೇಬಿನಲ್ಲಿದ್ದ ಮೇಲೆ ಮುದ್ರೆ ಒತ್ತಿದ ಪತ್ರಕ್ಕೆ ಏನು ಬೆಲೆ?

ಈ ತೊಂದರೆ ಆಗಲೇ ಗೊತ್ತೂ ಇತ್ತು. ಎಂಐಟಿಯ ಅಥೀನಾ ಯೋಜನೆಯವರು ತಮ್ಮ ಕ್ಯಾಂಪಸ್ಸಿನಲ್ಲಿ ವಿದ್ಯಾರ್ಥಿಗಳ ಕೈಗೇ ವರ್ಕ್‌ಸ್ಟೇಷನ್ ಕೊಡೋ ಪರಿಸ್ಥಿತಿ ಬಂದಾಗ, ಮೆಷಿನ್ನು ಹೇಳೋ ಯುಐಡಿಯನ್ನ ನಂಬೋ ಹಾಗಿಲ್ಲ ಅನ್ನೋದನ್ನ ಕಂಡುಕೊಂಡ್ರು. ಅವರ ಕೆರ್ಬೆರೋಸ್ ವ್ಯವಸ್ಥೆಯನ್ನ 1988ರಲ್ಲಿ ಯೂಸ್‌ನಿಕ್ಸ್ ಸಮ್ಮೇಳನದಲ್ಲಿ ಪರಿಚಯಿಸಿದ ಪ್ರಬಂಧದ ಕೊನೆಯಲ್ಲಿ ಎನ್‌ಎಫ್‌ಎಸ್ಸಿಗೆ ಅಂತಲೇ ಒಂದು ಭಾಗ ಇದೆ. ಪ್ರತಿ ಓದು ಬರಹಕ್ಕೂ ಗುರುತು ಪರೀಕ್ಷೆ ಮಾಡಿದ್ರೆ ಆಗಿನ ಮೆಷಿನ್ನುಗಳು ತೀರಾ ನಿಧಾನ ಆಗ್ತಿದ್ವು. ಹಾಗಾಗಿ ಅವರು ಮೌಂಟ್ ಡೀಮನ್ನನ್ನೇ ತಿದ್ದಿದ್ರು. ಮೌಂಟ್ ಮಾಡೋ ಹೊತ್ತಿಗೆ ನೀನು ಯಾರು ಅನ್ನೋದನ್ನ ಕೆರ್ಬೆರೋಸ್ ಟಿಕೆಟ್ಟಿನಿಂದ ಸಾಬೀತು ಮಾಡು, ಆಮೇಲೆ ನಿನ್ನ ನಂಬರನ್ನ ಒಪ್ಪಿಕೊಳ್ತೀನಿ ಅಂತ. 'ಎಲ್ಲಿಂದ ಬಂದೆ' ಸಾಲಲ್ಲ, 'ಯಾರು ನೀನು' ಅಂತಲೂ ಕೇಳಬೇಕು ಅನ್ನೋ ಬುದ್ಧಿ ಈ ಕಾವಲುಗಾರನಿಗೆ 1988ರಲ್ಲೇ ಬಂದಿತ್ತು. ನಾವು ಬೆಂಗಳೂರಿನ ಗಾಜಿನ ಕಟ್ಟಡಗಳಲ್ಲಿ ಕೂತು ಅದನ್ನ ಆಫ್ ಮಾಡಿ ಇಟ್ಟಿದೀವಿ.

ಇನ್ನು ಎರಡನೇ ಸಮಾಧಾನ: "ನಾವು ಎನ್‌ಎಫ್‌ಎಸ್ ನಾಲ್ಕಕ್ಕೆ ಹೋಗಿದೀವಿ, ಅಲ್ಲಿ ಮೌಂಟ್ ಪ್ರೋಟೋಕಾಲೇ ಇಲ್ಲ." ನಿಜ. ನಾಲ್ಕನೇ ಆವೃತ್ತಿಯಲ್ಲಿ ಪೋರ್ಟ್‌ಮ್ಯಾಪರ್ ಬೇಕಾಗಿಲ್ಲ, ಬೇರೆ ಗೇಟಿಲ್ಲ, ಎಲ್ಲವೂ 2049ರಲ್ಲೇ. ಮೌಂಟ್‌ಡಿ ಆಗ ಹೊರಗಿನವರ ಜೊತೆ ಮಾತಾಡಲ್ಲ, ಲಿನಕ್ಸಿನಲ್ಲಿ ಕರ್ನಲ್ಲು ಕೇಳಿದ ಪ್ರಶ್ನೆಗಳಿಗೆ ಒಳಗಿನಿಂದ ಉತ್ತರ ಕೊಡ್ತಾ ಇರತ್ತೆ ಅಷ್ಟೇ. ಫೈರ್‌ವಾಲ್ ನಡೆಸೋರಿಗೆ ದೊಡ್ಡ ಉಪಕಾರ. ಆದ್ರೆ ನಿಮ್ಮ ಎಕ್ಸ್‌ಪೋರ್ಟ್ಸ್ ಸಾಲಿನಲ್ಲಿ ಭದ್ರತೆಯ ಬಗೆ ಇನ್ನೂ ಸಿಸ್ ಅಂತಲೇ ಇದ್ರೆ ಯುಐಡಿ ಇವತ್ತೂ ಮೆಷಿನ್ನು ಹೇಳಿದ್ದೇ. ಗೇಟನ್ನ ಕೆಡವಿ ಹೊಸದು ಕಟ್ಟಿದ್ರಿ, ಕಾವಲುಗಾರನ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಮೂರನೆಯದು: "ರೂಟ್ ಸ್ಕ್ವಾಶ್ ಹಾಕಿದೀವಿ." ಅಂದ್ರೆ ಕ್ಲೈಂಟಿನ ರೂಟ್ ಬಂದ್ರೆ ಅವನನ್ನ ಯಾರೂ ಅಲ್ಲದವನು ಅಂತ ಮಾಡೋದು. ಒಳ್ಳೇದು, ಅದು ಇರಲೇಬೇಕು. ಆದ್ರೆ ತನ್ನ ಲ್ಯಾಪ್‌ಟಾಪಿನಲ್ಲಿ ರೂಟ್ ಆದವನು ಒಂದು ಕಮಾಂಡಿನಲ್ಲಿ ಯುಐಡಿ 1000 ಆಗ್ತಾನೆ, 1001 ಆಗ್ತಾನೆ, ಎಚ್‌ಆರ್ ಮೇಡಂ ಆಗ್ತಾನೆ. ರೂಟನ್ನ ತಡೆದು ಉಳಿದವರೆಲ್ಲರ ವೇಷಕ್ಕೆ ಬಾಗಿಲು ತೆಗೆದಿಟ್ಟ ಹಾಗೆ.

ನಾಲ್ಕನೆಯದು: "ಒಂದೇ ಸಬ್‌ಫೋಲ್ಡರ್ ಎಕ್ಸ್‌ಪೋರ್ಟ್ ಮಾಡಿದೀವಿ, ಪಕ್ಕದ್ದು ಸಿಗಲ್ಲ." ಎಕ್ಸ್‌ಪೋರ್ಟ್ಸ್ ಫೈಲಿನ ಮ್ಯಾನುಯಲ್ ಪುಟವನ್ನೇ ಓದಿ. ಒಂದು ಫೈಲ್ ಸಿಸ್ಟಮ್ಮಿನ ಒಳಗಿನ ಒಂದು ಫೋಲ್ಡರನ್ನ ಮಾತ್ರ ಹಂಚಿಕೊಂಡಾಗ, ಸಬ್‌ಟ್ರೀ ಚೆಕ್ ಅನ್ನೋ ಆಯ್ಕೆ ಹಾಕದಿದ್ರೆ, ಟೋಕನ್ನನ್ನ ಊಹಿಸಿ ಕಟ್ಟಬಲ್ಲವನಿಗೆ ಅದೇ ಫೈಲ್ ಸಿಸ್ಟಮ್ಮಿನ ಬೇರೆ ಫೈಲುಗಳೂ ಸಿಗಬಹುದು. ಆ ಆಯ್ಕೆ ಹಾಕಿದ್ರೆ ಫೈಲುಗಳ ಹೆಸರು ಬದಲಾಯಿಸಿದಾಗ ತಕರಾರು ಬರತ್ತೆ ಅಂತ ಬಹಳ ಹಿಂದೆಯೇ ಅದನ್ನ ಡೀಫಾಲ್ಟಿನಿಂದ ತೆಗೆದುಬಿಟ್ರು. ಬೇರೆ ಇಡಬೇಕಾದ್ದನ್ನ ಬೇರೆ ಫೈಲ್ ಸಿಸ್ಟಮ್ಮಿನಲ್ಲೇ ಇಡಿ. ಫೋಲ್ಡರಿನ ಗೆರೆಯನ್ನ ಗೋಡೆ ಅಂದ್ಕೋಬೇಡಿ.

ಇನ್ನು "ನಮ್ಮ ಪಟ್ಟಿಯಲ್ಲಿ ಬೇಕಾದ ಮೆಷಿನ್ನುಗಳು ಮಾತ್ರ ಇದಾವೆ" ಅನ್ನೋರು ದಯವಿಟ್ಟು ಆ ಫೈಲನ್ನ ತೆಗೆದು ಸ್ಪೇಸುಗಳನ್ನ ನೋಡಿ. ಮೆಷಿನ್ ಹೆಸರಿಗೂ ಅದರ ಮುಂದಿನ ಆವರಣಕ್ಕೂ ನಡುವೆ ಜಾಗ ಇರಬಾರದು. ಅಪ್ಪಿತಪ್ಪಿ ಒಂದೇ ಒಂದು ಸ್ಪೇಸ್ ಬಿದ್ರೆ ಅರ್ಥ ತಲೆಕೆಳಗು: ಆ ಮೆಷಿನ್ನಿಗೆ ಡೀಫಾಲ್ಟ್ ಅನುಮತಿ, ಆವರಣದಲ್ಲಿ ಬರೆದ ಓದು-ಬರಹದ ಅನುಮತಿ ಜಗತ್ತಿನ ಉಳಿದ ಎಲ್ಲರಿಗೂ! ನಾನು ಈ ಸ್ಪೇಸನ್ನ ಎರಡು ಕಡೆ ಕಣ್ಣಾರೆ ನೋಡಿದೀನಿ. ಒಂದು ಕಡೆ ಅದನ್ನ ಹಾಕಿದವನು ನಾನೇ.

ಹೀಗೆಲ್ಲ ಹೇಳಿದ್ರೆ ಮೌಂಟ್‌ಡಿ ಮೇಲೆ ನನಗೆ ಸಿಟ್ಟು ಅಂದ್ಕೋಬೇಡಿ. ಅದೂ ಒಂದು ಪ್ರೋಗ್ರಾಮು, ಅದರಲ್ಲೂ ತಪ್ಪುಗಳಾಗಿವೆ. 1998ರ ಅಕ್ಟೋಬರಿನಲ್ಲಿ ಸರ್ಟ್ ಸಂಸ್ಥೆ ಲಿನಕ್ಸಿನ ಮೌಂಟ್‌ಡಿ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು. ತೂತು ಇದ್ದದ್ದು ಲಾಗ್ ಬರೆಯೋ ಭಾಗದಲ್ಲೇ. ಅದನ್ನ ಸರಿಪಡಿಸಿದ್ರು. ತಾನು ಕೇಳಬೇಕಾದ ಪ್ರಶ್ನೆಯನ್ನ ಮೌಂಟ್‌ಡಿ ನಿಯತ್ತಾಗಿ ಕೇಳತ್ತೆ. ಅದರ ಕೈಗೆ ಎಂಥಾ ಪಟ್ಟಿ ಕೊಡ್ತೀವಿ, ಅದರ ಉತ್ತರವನ್ನ ಯಾವುದಕ್ಕೆ ಬಳಸ್ತೀವಿ ಅನ್ನೋದು ನಮ್ಮ ತಲೆಗೆ ಸೇರಿದ್ದು.

ಹಾಗಾಗಿ ನನ್ನ ಒತ್ತಾಯ ಇಷ್ಟು. ಅಡ್ಮಿನ್‌ಗಳೇ, ಇಡೀ ನೆಟ್‌ವರ್ಕಿಗೆ ಬಾಗಿಲು ತೆಗೆಯೋ ಸಾಲನ್ನ ಇವತ್ತೇ ಅಳಿಸಿ. ನಿಮ್ಮ ಹಿಡಿತದಲ್ಲಿರೋ ಸರ್ವರುಗಳ ವಿಳಾಸ ಮಾತ್ರ ಬರೀರಿ. ಜನರ ಲ್ಯಾಪ್‌ಟಾಪುಗಳಿಗೆ ಕೊಡಲೇಬೇಕು ಅಂದ್ರೆ ಭದ್ರತೆಯ ಬಗೆಯನ್ನ ಕೆರ್ಬೆರೋಸಿಗೆ ಬದಲಾಯಿಸಿ. ಅದು ಪ್ರತಿ ವಿನಂತಿಗೂ ಯಾರು ಅಂತ ಸಾಬೀತು ಕೇಳತ್ತೆ. ಈಗಿನ ಮೆಷಿನ್ನುಗಳಿಗೆ ಅದು 1988ರ ಭಾರ ಅಲ್ಲ. ಕೆರ್ಬೆರೋಸ್ ಹಾಕೋದು ಕಿರಿಕಿರಿ ಅಂತೀರಿ, ಒಪ್ತೀನಿ. ಕೀಟ್ಯಾಬ್, ಗಡಿಯಾರ ಹೊಂದಿಸೋದು ಅಂತ ಒಂದು ವಾರ ತಲೆನೋವು ಖಂಡಿತ. ಆದ್ರೆ ನಿಮ್ಮ ಆಫೀಸಿನಲ್ಲಿ ವಿಂಡೋಸ್ ಲಾಗಿನ್‌ಗೆ ಆಕ್ಟಿವ್ ಡೈರೆಕ್ಟರಿ ಇದ್ರೆ ಕೆರ್ಬೆರೋಸ್ ಆಗಲೇ ನಿಮ್ಮ ಮನೆಯಲ್ಲಿದೆ, ನೀವು ಮಾತಾಡಿಸಿಲ್ಲ ಅಷ್ಟೇ. 2022ರ ಆರ್‌ಎಫ್‌ಸಿ 9289ರಿಂದ ಟಿಎಲ್‌ಎಸ್ ಕೂಡ ಬಂದಿದೆ. ಅದು ಮೆಷಿನ್ನಿನ ಗುರುತು ಸಾಬೀತು ಮಾಡತ್ತೆ, ಮನುಷ್ಯನದ್ದಲ್ಲ. ಈ ವ್ಯತ್ಯಾಸ ಮರೀಬೇಡಿ. ಲಾಗುಗಳನ್ನ ಬೇರೆ ಮೆಷಿನ್ನಿನಲ್ಲಿ ಕೆಲವು ತಿಂಗಳಾದ್ರೂ ಇಡಿ. ಡಿಸ್ಕ್ ಅಗ್ಗ. ಒಬ್ಬ ಮನುಷ್ಯನ ಕೆಲಸ ಅಗ್ಗ ಅಲ್ಲ.

ಮ್ಯಾನೇಜರುಗಳೇ, "ಸಿಸ್ಟಮ್ ಹೇಳ್ತಿದೆ" ಅನ್ನೋ ಮುಂಚೆ ನಿಮ್ಮ ಅಡ್ಮಿನ್ನನ್ನ ಒಂದೇ ಒಂದು ಪ್ರಶ್ನೆ ಕೇಳಿ: "ಈ ಹೆಸರು ಸಿಸ್ಟಮ್ಮಿಗೆ ಹೇಗೆ ಗೊತ್ತಾಯ್ತು?" ಅದಕ್ಕೆ ಉತ್ತರ "ಆ ಮೆಷಿನ್ನೇ ಹೇಳಿತು" ಅಂತಾದ್ರೆ ಸ್ಕ್ರೀನನ್ನ ಯಾರ ಕಡೆಗೂ ತಿರುಗಿಸಬೇಡಿ. ಅಡ್ಮಿನ್ ಸುಮ್ಮನೆ ಕೂತಿದ್ರೆ ಅವನ ಬಾಯಿ ಬಿಡಿಸಿ.

ಆ ಸರ್ವರಿನ ಪಟ್ಟಿಯನ್ನ ಮೂರು ಬಿಲ್ಡ್ ಮೆಷಿನ್ನುಗಳಿಗೆ ಇಳಿಸಿದೆ. ಅವನ ಅಕೌಂಟನ್ನ ಅಳಿಸಿದೆ. ಅಳಿಸಿದ ಮೇಲೆ ಫೈಲುಗಳ ಮುಂದೆ ಹೆಸರಿನ ಬದಲು ಬರೀ 1000 ಅಂತ ಕಾಣಿಸ್ತಿತ್ತು. ಮೊದಲಿನಿಂದಲೂ ಅಲ್ಲಿ ಇದ್ದದ್ದು ಅಷ್ಟೇ. ಅವನ ನಂಬರು ಹುಡುಕಿ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಆವತ್ತು ಆ ರೂಮಲ್ಲಿ ಹೇಳಿದ್ರೆ ಚೆನ್ನಾಗಿರ್ತಿತ್ತು ಸರ್" ಅಂದ. ಆವತ್ತು ನನಗೂ ಗೊತ್ತಿರಲಿಲ್ಲ ಅಂತ ಹೇಳೋಣ ಅಂದ್ಕೊಂಡೆ. ಗೊತ್ತಿರಬೇಕಾಗಿದ್ದದ್ದೇ ನನ್ನ ಕೆಲಸ ಆಗಿತ್ತು. ಹೇಳಲಿಲ್ಲ.